ಪಾಠದ ಮುಯ್ಯಾಳು

ನಮ್ಮೂರು ಕಣಗಿನಹಾಳ. ಗದಗ ತಾಲೂಕಿನ ಈ ಹಳ್ಳಿಯ ಹೆಸರನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಮೊದಲ ಸಲ ಕಂಡ ದಿನ, ಅದನ್ನು ಮನೆಗೊಯ್ದು ಅಪ್ಪನಿಗೆ ತೋರಿಸಿದ್ದುಂಟು. ಅಪ್ಪನಿಗೆ ಓದಲು ಬಾರದು. ಆದರೂ ಆ ಸಾಲಿನ ಮೇಲೆ ಬೆರಳಿಟ್ಟು, "ಇದರಾಗ ನಮ್ಮೂರ ಹೆಸರು ಯಾವುದು?" ಎಂದು ಕೇಳಿ ನೋಡಿಕೊಂಡನು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಇಲ್ಲಿ ಸ್ಥಾಪಿತವಾದ ಕೃಷಿ ಪತ್ತಿನ ಸಹಕಾರಿ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅದರ ಹಿಂದಿನ ವರ್ಷ ಬಂದ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಒಂದು ಕಠಿಣವಾದ ನಿಯಮವಿತ್ತು. ಸದಸ್ಯರ ಹೊಣೆಗಾರಿಕೆ ಸಾಮಾನ್ಯವಾಗಿ ಅಪರಿಮಿತವಾಗಿರಬೇಕು. ಎಂದರೆ, ಸಂಘವು ಮುಳುಗಿದರೆ ಒಬ್ಬೊಬ್ಬ ಸದಸ್ಯನ ಹೊಲಮನೆಯೂ ಅದರ ಸಾಲಕ್ಕೆ ಹೊಣೆ. ಜರ್ಮನಿಯ ರೈಫೈಸನ್ ಎಂಬಾತನು ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಿಕೊಟ್ಟ ದಾರಿಯಿದು. ಎತ್ತಿಗೆಂದು ತಂದ ಸಾಲ ಎತ್ತಿಗೇ ಹೋಯಿತೋ ಮದುವೆಯ ಊಟಕ್ಕೆ ಹೋಯಿತೋ ಎಂಬುದನ್ನು ದೂರದ ಸಾಹುಕಾರನಾಗಲಿ ಸರಕಾರಿ ಅಧಿಕಾರಿಯಾಗಲಿ ಅರಿಯಲಾರ. ಬದುವಿನ ಆಚೆಯ ಹೊಲದವನು ಅರಿಯಬಲ್ಲ. ಅವನ ನೋಟದಲ್ಲಿ ಅಧಿಕಾರವಿಲ್ಲ, ಆದರೆ ಪಾಲು ಇದೆ.

ಈ ಲೇಖನ ಸಹಕಾರಿ ಚಳವಳಿಯನ್ನು ಕುರಿತದ್ದಲ್ಲ. ಕಾಲೇಜಿನ ಅಧ್ಯಾಪಕರು ಒಬ್ಬರ ವರ್ಗದಲ್ಲಿ ಇನ್ನೊಬ್ಬರು ಕುಳಿತು, ಪಾಠವನ್ನು ನೋಡಿ, ಅನಂತರ ಇಬ್ಬರೂ ಕೂಡಿ ಮಾತನಾಡಿ, ತಮ್ಮ ಬೋಧನೆಯನ್ನು ತಿದ್ದಿಕೊಳ್ಳುವ ಪದ್ಧತಿಯನ್ನು ಕುರಿತದ್ದು. ಇದಕ್ಕೆ ವರ್ಗವೀಕ್ಷಣೆಯೆಂದು ಹೆಸರಿಡಬಹುದು. ಆದರೆ ನಮ್ಮ ಒಕ್ಕಲುತನದ ಮಾತಿನಲ್ಲಿ ಇದಕ್ಕೆ ಇನ್ನೂ ಹತ್ತಿರದ ಶಬ್ದವಿದೆ: ಮುಯ್ಯಾಳು. ಇಂದು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕೂಲಿಯ ಲೆಕ್ಕವಿಲ್ಲ, ಆಳಿನ ಲೆಕ್ಕವುಂಟು. ವಿದ್ಯಾರ್ಥಿಯಾದವನು ಗುರುಗಳ ಬೋಧನೆಯ ವಿಷಯವಾಗಿ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಪಾಠದ ಇಳುವರಿ ಬರುವುದು ನಮ್ಮ ತಲೆಯಲ್ಲಿ. ಬೆಳೆಯ ಬಗ್ಗೆ ಭೂಮಿಗೂ ಒಂದು ಮಾತಿರಬಹುದಲ್ಲ!

ನಾನು ಇದನ್ನು ಕಂಡದ್ದು ಮೊದಲ ವರ್ಷದಲ್ಲಿ. ಊರಿನಿಂದ ಬರುವ ಬಸ್ಸು ತಡವಾಗುತ್ತಿದ್ದುದರಿಂದ ಹಿಂದಿನ ಬೆಂಚೇ ನನ್ನ ಪಾಲಿಗೆ ಗತಿಯಾಗಿತ್ತು. ಎರಡು ವಿಭಾಗಗಳನ್ನು ಕೂಡಿಸಿ ಅರ್ಥಶಾಸ್ತ್ರದ ಪಾಠ ನಡೆಯುತ್ತಿತ್ತು. ಬೇಡಿಕೆಯ ರೇಖೆ, ಸೀಮಾಂತ ತುಷ್ಟಿಗುಣ ಎಂಬ ಮಾತುಗಳು ನನ್ನ ತಲೆಯ ಮೇಲಿಂದ ಹಾರಿ ಹಿಂದಿನ ಗೋಡೆಗೆ ಬಡಿಯುತ್ತಿದ್ದವು. ಮನೆಯಲ್ಲಿ ಕೇಳೋಣವೆಂದರೆ ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮ ವಂಶದಲ್ಲಿ ನಾನೇ ಮೊದಲಿಗ. ವರ್ಗದಲ್ಲಿ ತಿಳಿಯದಿದ್ದರೆ ಮತ್ತೆಲ್ಲಿಯೂ ತಿಳಿಯುವಂತಿರಲಿಲ್ಲ. ಮುಂದಿನ ಬೆಂಚಿನ ಪೇಟೆಯ ಹುಡುಗರಿಗೆ ಅಣ್ಣನಿದ್ದ, ಟ್ಯೂಶನ್ ಇತ್ತು. ದೀಪಾವಳಿಯ ಹೊತ್ತಿಗೆ ನಾನು ಕಾಲೇಜು ಬಿಟ್ಟು ಗದಗಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋಗುವ ವಿಚಾರವನ್ನು ಅವ್ವನ ಮುಂದೆ ಆಡಿದ್ದೆನು. ನನ್ನ ಜೊತೆಗೆ ಅದೇ ಬಸ್ಸಿಗೆ ಬರುತ್ತಿದ್ದ ಇಬ್ಬರು ನಿಜವಾಗಿಯೂ ಬಿಟ್ಟರು.

ಒಂದು ದಿನ ಆ ತಾಸಿಗೆ ಕನ್ನಡದ ಅಧ್ಯಾಪಕರೊಬ್ಬರು ಹಿಂಬಾಗಿಲಿನಿಂದ ಸದ್ದಿಲ್ಲದೆ ಬಂದು ನನ್ನ ಬೆಂಚಿನಲ್ಲಿಯೇ ಕುಳಿತರು. ಮೊಬೈಲು ನೋಡುವವರನ್ನು ಹಿಡಿಯಲು ಬಂದಿದ್ದಾರೆಂದು ಬಗೆದು ಎಲ್ಲರೂ ಬೆನ್ನು ನೆಟ್ಟಗೆ ಮಾಡಿದೆವು. ಅವರು ನಮ್ಮನ್ನು ನೋಡಲಿಲ್ಲ. ಒಂದು ಸಣ್ಣ ಪುಸ್ತಕದಲ್ಲಿ ಏನನ್ನೋ ಬರೆಯುತ್ತಿದ್ದರು. ಓರೆಗಣ್ಣಿನಿಂದ ನೋಡಿದಾಗ ಒಂದು ಸಾಲು ಕಾಣಿಸಿತು: "10-20. ನಕ್ಷೆ ಹಾಕಿದರು. ಕಿಡಕಿಯ ಬೆಳಕಿನಿಂದ ಹಲಗೆ ಹೊಳೆಯುತ್ತದೆ. ಹಿಂದಿನ ಮೂರು ಸಾಲಿಗೆ ಏನೂ ಕಾಣದು." ನಾಲ್ಕು ತಿಂಗಳಿನಿಂದ ನಾನು ನನ್ನ ಬುದ್ಧಿಯ ಮಂದತೆಯೆಂದು ತಿಳಿದಿದ್ದುದರಲ್ಲಿ ಒಂದು ಪಾಲು ಕಿಡಕಿಯ ಬೆಳಕಾಗಿತ್ತು.

ಮುಂದಿನ ವಾರದಿಂದ ನಕ್ಷೆಗಳು ಹಲಗೆಯ ಎಡಭಾಗಕ್ಕೆ ಸರಿದವು, ದೊಡ್ಡವಾದವು. ಒಂದೊಂದು ಹೊಸ ಶಬ್ದ ಬಂದಾಗ ಅರ್ಥಶಾಸ್ತ್ರದ ಸರ್ ಅದನ್ನು ಮೂಲೆಯಲ್ಲಿ ಬರೆದಿಟ್ಟು ತಾಸು ಮುಗಿಯುವವರೆಗೆ ಅಳಿಸದೆ ಬಿಡತೊಡಗಿದರು. ಕೆಲವು ದಿನಗಳ ಮೇಲೆ ಅವರೇ ಹಳಗನ್ನಡದ ತಾಸಿಗೆ ಬಂದು ಹಿಂದೆ ಕುಳಿತರು. ಈ ಗುಟ್ಟನ್ನು ಕನ್ನಡದ ಸರ್ ಬಸ್ ನಿಲ್ದಾಣದಲ್ಲಿ ನಗುತ್ತ ಹೇಳಿದರು: "ನಾನು ಪದ್ಯ ಓದುವಾಗ ಕಣ್ಣು ಮುಚ್ಚಿಕೊಳ್ಳತೇನಂತೆ. ಹುಡುಗರೂ ಮುಚ್ಚಿಕೊಂಡಿರತಾರಂತೆ. ನಾನು ರಸಾಸ್ವಾದ ಅಂತ ತಿಳಿದಿದ್ದೆ, ಅವರು ಎಣಿಸಿ ಆರು ಮಂದಿ ನಿದ್ದಿ ಅಂದರು!" ಇಬ್ಬರೂ ಯಾವ ಆದೇಶದ ಮೇಲೆಯೂ ಇದನ್ನು ಮಾಡಿದವರಲ್ಲ. ಸಿಬ್ಬಂದಿ ಕೋಣೆಯಲ್ಲಿ ಚಹ ಕುಡಿಯುವಾಗ ಹೊಳೆದ ವಿಚಾರವಂತೆ.

ಅಂದಿನಿಂದ ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಮೊದಲು ಎದುರಾದ ಆಶ್ಚರ್ಯವೆಂದರೆ ಇದು. ಒಂದನೆಯ ಇಯತ್ತೆಗೆ ಕಲಿಸುವವರು ಶಿಕ್ಷಕ ತರಬೇತಿ ಪಡೆದಿರಬೇಕು. ಹೈಸ್ಕೂಲಿನ ಮಾಸ್ತರರು ಬಿ.ಎಡ್. ಮಾಡಿರಬೇಕು, ಆ ತರಬೇತಿಯಲ್ಲಿ ನಿಜವಾದ ವರ್ಗದ ಮುಂದೆ ನಿಂತು ಪಾಠ ಹೇಳಬೇಕು, ಹಿಂದೆ ಕುಳಿತ ಸಹಪಾಠಿಗಳು ವೀಕ್ಷಣೆಯ ಪುಸ್ತಕದಲ್ಲಿ ಗುಣದೋಷಗಳನ್ನು ಬರೆಯಬೇಕು. ಆದರೆ ಪದವಿ ಕಾಲೇಜಿನ ಅಧ್ಯಾಪಕರಾಗಲು ಬೇಕಾದುದು ಸ್ನಾತಕೋತ್ತರ ಪದವಿ, ಅದರ ಮೇಲೆ 1989ರಿಂದ ನಡೆಯುತ್ತಿರುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ರಾಜ್ಯದ ಅಂಥದೇ ಪರೀಕ್ಷೆ, ಇಲ್ಲವೆ ಪಿಎಚ್.ಡಿ. ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಮೇಲೆ ಪ್ರಶ್ನೆಗಳುಂಟು. ಸರಿಯುತ್ತರಕ್ಕೆ ಗುರುತು ಮಾಡಿದರಾಯಿತು. ಈಜು ಬಲ್ಲೆಯಾ ಎಂದು ಕಾಗದದ ಮೇಲೆ ಕೇಳಿ ಕೆರೆಗೆ ಇಳಿಸಿದಂತೆ! ವಿದ್ವತ್ತು ಹೆಚ್ಚಿದಷ್ಟೂ ಕಲಿಸುವ ಕಲೆ ತಾನಾಗಿ ಬರುವುದೆಂಬ ನಂಬಿಕೆ ಇದರ ಬೆನ್ನಿಗಿದೆ. ಕೆಲವರಿಗೆ ಅದು ಬರುವುದೂ ಉಂಟು.

ಸರಕಾರ ಸುಮ್ಮನೆ ಕುಳಿತಿದೆಯೆಂದು ಹೇಳಲಾಗದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ 1987ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗವು ದೇಶದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ತರಬೇತಿಗಾಗಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಅವು ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಳವೀಯ ಮಿಷನ್ನಿನ ಹೆಸರು ಪಡೆದವು. ಹೆಸರು ಮೂರಾದರೂ ಅಲ್ಲಿ ಅಧ್ಯಾಪಕರು ಹೆಚ್ಚಾಗಿ ಕುಳಿತು ಕೇಳುವುದು ಉಪನ್ಯಾಸಗಳನ್ನೇ. ಉಪನ್ಯಾಸ ಕೊಡುವುದು ಹೇಗೆಂಬುದರ ಮೇಲೆ ಉಪನ್ಯಾಸ. ಇನ್ನು 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಎಂದರೆ ನಾವೆಲ್ಲ ನ್ಯಾಕ್ ಎಂದು ಕರೆಯುವ ಸಂಸ್ಥೆ, ಕಾಲೇಜುಗಳಿಗೆ ಸಮಾನಸ್ಕಂಧರ ತಂಡವನ್ನೇ ಕಳಿಸುವ ಕ್ರಮವನ್ನು ತಂದಿತು. ಏಳು ಮಾನದಂಡಗಳಲ್ಲಿ ಬೋಧನೆ, ಕಲಿಕೆ, ಮೌಲ್ಯಮಾಪನ ಒಂದಾಗಿತ್ತು. ಆದರೆ ತಂಡದವರು ಬರುತ್ತಿದ್ದುದು ಕೆಲವು ವರ್ಷಗಳಿಗೊಮ್ಮೆ, ಇರುತ್ತಿದ್ದುದು ಎರಡು ಮೂರು ದಿನ. ನೋಡಬೇಕಾದುದು ಗ್ರಂಥಾಲಯ, ಶೌಚಾಲಯ, ಕಡತ, ಕ್ರೀಡಾಂಗಣ ಎಲ್ಲವನ್ನೂ. ತಂಡ ಬರುವ ಮುಂಚೆ ಕಾಲೇಜಿನ ಗೋಡೆಗೆ ಸುಣ್ಣ ಬೀಳುತ್ತಿದ್ದುದನ್ನು ಎಲ್ಲರೂ ಬಲ್ಲರು. ಪಾಠಕ್ಕೂ ಹಾಗೆಯೇ ಒಂದು ಕೈ ಸುಣ್ಣ ಬೀಳುತ್ತಿತ್ತು.

ಬಡ್ತಿಯ ನಿಯಮಗಳಲ್ಲಿ ಕೂಡ ಒಂದು ವಿನೋದವಿದೆ. ಆಯೋಗದ 2018ರ ನಿಯಮಾವಳಿಯಲ್ಲಿ ಅಧ್ಯಾಪಕರು ತಮಗೆ ಹಂಚಿದ ತಾಸುಗಳಲ್ಲಿ ಶೇಕಡಾ 80 ಅಥವಾ ಹೆಚ್ಚನ್ನು ತೆಗೆದುಕೊಂಡರೆ ಬೋಧನೆಗೆ 'ಉತ್ತಮ' ಎಂಬ ಶ್ರೇಣಿ. ತಾಸು ನಡೆಯಿತೇ ಎಂಬುದು ಲೆಕ್ಕ. ತಾಸಿನಲ್ಲಿ ಏನು ನಡೆಯಿತು ಎಂಬುದು ಲೆಕ್ಕಕ್ಕೆ ಹೊರಗು. ಎಷ್ಟು ಸಾಲು ಕೂರಿಗೆ ಹೊಡೆದೆ ಎಂದು ಬರೆದುಕೊಂಡು, ಶಡ್ಡಿಯಲ್ಲಿ ಬೀಜ ಇಳಿಯಿತೋ ಇಲ್ಲವೋ ನೋಡದೆ ಹೋದಂತೆ.

ಪ್ರಾಥಮಿಕ ಶಾಲೆಯವರೇ ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆಂದು ನನ್ನ ಅಭಿಪ್ರಾಯ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ, ಅಲ್ಲಿಯ ವರ್ಗಗಳನ್ನು ಕಣ್ಣಾರೆ ಕಂಡು ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ರೂಪಿಸಿದ್ದೇ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ ಕಲಿ. ಅದು ಸುತ್ತೋಲೆಯಿಂದ ಹುಟ್ಟಲಿಲ್ಲ. ಒಬ್ಬ ಮಾಸ್ತರನು ಇನ್ನೊಬ್ಬ ಮಾಸ್ತರನ ಶಾಲೆಯ ಮೂಲೆಯಲ್ಲಿ ಕುಳಿತು ನೋಡಿದ್ದರಿಂದ ಹುಟ್ಟಿತು. ಸಮೂಹ ಸಂಪನ್ಮೂಲ ಕೇಂದ್ರಗಳ ಸಮಾಲೋಚನಾ ಸಭೆಗಳಲ್ಲಿ ಒಬ್ಬರು ಮಾದರಿ ಪಾಠ ಹೇಳಿ ಉಳಿದವರು ಚರ್ಚಿಸುವ ರೂಢಿಯೂ ಉಂಟು. ಜಪಾನಿನ ಶಾಲೆಗಳಲ್ಲಿ ಇದು ತುಂಬ ಹಳೆಯ ಪದ್ಧತಿ. ಅಲ್ಲಿ ಹಲವು ಶಿಕ್ಷಕರು ಕೂಡಿ ಒಂದೇ ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಅದನ್ನು ಕಲಿಸುವಾಗ ಉಳಿದವರು ಕಲಿಸುವವರನ್ನಲ್ಲ, ಮಕ್ಕಳ ಮುಖಗಳನ್ನು ನೋಡುತ್ತಾರೆ. ಪಾಠ ಎಲ್ಲರದೂ ಆದ್ದರಿಂದ ತಪ್ಪು ಒಬ್ಬರ ತಲೆಗೆ ಬರುವುದಿಲ್ಲ. ಅಪರಿಮಿತ ಹೊಣೆಗಾರಿಕೆಯೆಂದರೆ ಇದೇ ಅಲ್ಲವೆ?

ಹಿಂದೆ ಕುಳಿತವರು ಏನು ನೋಡಬೇಕು? ಇಲ್ಲಿ ವಿಷಯ ಸ್ವಾರಸ್ಯವಾಗುತ್ತದೆ. "ಪಾಠ ಚೆನ್ನಾಗಿತ್ತು" ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. "ಚೆನ್ನಾಗಿರಲಿಲ್ಲ" ಎಂಬುದರಿಂದ ಚಹ ಕುಡಿಯುವ ಸ್ನೇಹವೂ ಹೋಗುತ್ತದೆ. ಆದುದರಿಂದ ಕಂಡದ್ದನ್ನು ಎಣಿಸುವ ದಾರಿಗಳನ್ನು ಪಂಡಿತರು ಹುಡುಕಿದ್ದಾರೆ. ಅಮೇರಿಕದ ನೆಡ್ ಫ್ಲ್ಯಾಂಡರ್ಸ್ ಎಂಬವರು ವರ್ಗದ ಮಾತುಕತೆಯನ್ನು ಹತ್ತು ಬಗೆಗಳಾಗಿ ವಿಂಗಡಿಸಿದರು. ಏಳು ಅಧ್ಯಾಪಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಒಂದು ಮೌನಕ್ಕೆ ಅಥವಾ ಗದ್ದಲಕ್ಕೆ. ವೀಕ್ಷಕನು ಮೂರು ಸೆಕೆಂಡಿಗೊಮ್ಮೆ ನಡೆಯುತ್ತಿರುವುದರ ಸಂಖ್ಯೆಯನ್ನು ಬರೆಯುತ್ತ ಹೋಗಬೇಕು; ನಿಮಿಷಕ್ಕೆ ಇಪ್ಪತ್ತು, ನಲವತ್ತೈದು ನಿಮಿಷದ ತಾಸಿಗೆ ಒಂಬೈನೂರು. ಇದನ್ನು ಮಾಡಿ ನೋಡಿದವರು ಕಂಡ ಸಂಗತಿಯೆಂದರೆ, ವರ್ಗದ ಮೂರರಲ್ಲಿ ಎರಡು ಪಾಲು ವೇಳೆ ಯಾರಾದರೂ ಮಾತನಾಡುತ್ತಿರುತ್ತಾರೆ. ಆ ಮಾತಿನಲ್ಲಿ ಮೂರರಲ್ಲಿ ಎರಡು ಪಾಲು ಅಧ್ಯಾಪಕರದೇ. ನಮ್ಮ ಕಾಲೇಜುಗಳಲ್ಲಿ ಎಣಿಸಿದರೆ ಈ ಪಾಲು ಇನ್ನೂ ದೊಡ್ಡದಾದೀತೆಂದು ನನ್ನ ಸಂಶಯ. ವಿಜ್ಞಾನದ ಪದವಿ ವರ್ಗಗಳಿಗಾಗಿ 2013ರಲ್ಲಿ ಇನ್ನೊಂದು ಸರಳ ಕ್ರಮ ಬಂದಿತು. ಅದರಲ್ಲಿ ಎರಡೆರಡು ನಿಮಿಷಕ್ಕೆ ಒಮ್ಮೆ ಅಧ್ಯಾಪಕರು ಏನು ಮಾಡುತ್ತಿದ್ದಾರೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕಿದರೆ ಸಾಕು. ಅದೇ ಕ್ರಮದಿಂದ ಉತ್ತರ ಅಮೇರಿಕದ ಎರಡು ಸಾವಿರಕ್ಕೂ ಮಿಕ್ಕಿ ವರ್ಗಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇಕಡಾ 55ರಷ್ಟು ವರ್ಗಗಳು ಬಹುಮಟ್ಟಿಗೆ ಬರಿಯ ಉಪನ್ಯಾಸಗಳೇ ಆಗಿದ್ದವು. ಅಷ್ಟು ಸಿರಿವಂತ ದೇಶದಲ್ಲಿಯೂ!

ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿ ಇನ್ನೂ ಸೂಕ್ಷ್ಮವಾದುದನ್ನು ಅಳೆದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡು ಕಾಯುತ್ತಾರಂತೆ. ಅದನ್ನು ಮೂರು ಸೆಕೆಂಡಿಗೆ ಬೆಳೆಸಿದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದವರೂ ಬಾಯಿ ಬಿಡುತ್ತಾರೆ. ಇದನ್ನು ಓದಿದ ಮೇಲೆ ನನಗೂ ಎಣಿಸುವ ಹುಚ್ಚು ಹಿಡಿಯಿತು. ಒಬ್ಬ ಅಧ್ಯಾಪಕರ ಅಪ್ಪಣೆ ಪಡೆದು ಒಂದು ತಾಸು ಪೂರ್ತಿ ಗಡಿಯಾರ ಹಿಡಿದು ಕುಳಿತೆನು. ಅವರು ಕೇಳಿದ ಪ್ರಶ್ನೆಗಳು ಹನ್ನೊಂದು. ಅವುಗಳಲ್ಲಿ ಒಂಬತ್ತು "ತಿಳಿಯಿತಲ್ಲ?" ಎಂಬುದೇ. ಒಂಬತ್ತಕ್ಕೂ ನಾವು ಕೊಟ್ಟ ಉತ್ತರ "ಹೂಂರಿ ಸರ್". ನಾನು ಲೆಕ್ಕ ತೋರಿಸಿದಾಗ ಅವರು ನಕ್ಕು, "ನಿಮ್ಮ ಹೂಂ ಅನ್ನೋದನ್ನೂ ಎಣಿಸಿದ್ಯಲ್ಲಪಾ, ಅದರಾಗ ಖರೇ ಎಷ್ಟು?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಲೆಕ್ಕವಿರಲಿಲ್ಲ. ಮರುದಿನ ಅವರು ಒಂದು ಪ್ರಶ್ನೆ ಕೇಳಿ, ಖಡುವನ್ನು ಮೇಜಿನ ಮೇಲಿಟ್ಟು, ಸುಮ್ಮನೆ ನಿಂತರು. ಆ ಮೌನ ನಮಗೆ ಮೂರು ಸೆಕೆಂಡಲ್ಲ, ಮೂರು ತಾಸಿನಂತೆ ಕಂಡಿತು. ಕೊನೆಗೆ ಎರಡನೆಯ ಸಾಲಿನ ಹುಡುಗಿಯೊಬ್ಬಳು, ಎರಡು ವರ್ಷಗಳಲ್ಲಿ ಒಮ್ಮೆಯೂ ಮಾತನಾಡದವಳು, ಎದ್ದು ಉತ್ತರ ಹೇಳಿದಳು. ಉತ್ತರ ತಪ್ಪಾಗಿತ್ತು. ಆದರೆ ಆ ತಪ್ಪೇ ನಮ್ಮೆಲ್ಲರ ತಪ್ಪಾಗಿತ್ತೆಂದು ಆಗ ಗೊತ್ತಾಯಿತು.

ಈ ಪದ್ಧತಿಯಿಂದ ವಿದ್ಯಾರ್ಥಿಗಳ ಅಂಕ ಹೆಚ್ಚುವುದೇ ಎಂದು ಕೇಳುವವರಿಗೆ ಪ್ರಾಮಾಣಿಕವಾಗಿ ಉತ್ತರ ಹೇಳಬೇಕು. ಇಂಗ್ಲಂಡಿನ 82 ಪ್ರೌಢಶಾಲೆಗಳಲ್ಲಿ ಶಿಕ್ಷಕರು ಒಬ್ಬರ ವರ್ಗವನ್ನು ಒಬ್ಬರು ನೋಡುವ ಒಂದು ದೊಡ್ಡ ಪ್ರಯೋಗ ನಡೆಯಿತು. ಪಗಾರಕ್ಕಾಗಲಿ ಬಡ್ತಿಗಾಗಲಿ ಅದಕ್ಕೆ ಸಂಬಂಧವಿರಲಿಲ್ಲ. 2017ರಲ್ಲಿ ಬಂದ ಮೊದಲ ವರದಿಯು ಒಟ್ಟು ಅಂಕಗಳಲ್ಲಿ ಪ್ರಯೋಜನ ಕಾಣಲಿಲ್ಲವೆಂದಿತು. ಅದೇ ಪ್ರಯೋಗವನ್ನು ಬೇರೆ ರೀತಿಯಿಂದ ಲೆಕ್ಕ ಹಾಕಿ 2021ರಲ್ಲಿ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಪ್ರಬಂಧದಲ್ಲಿ ಸಣ್ಣದಾದರೂ ಸ್ಪಷ್ಟವಾದ ಲಾಭ ಕಂಡಿತು. ನೋಡಿಸಿಕೊಂಡವರ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ನೋಡಿದವರ ವಿದ್ಯಾರ್ಥಿಗಳಿಗೂ. ಮೊದಲ ವರದಿಯನ್ನು ಮುಚ್ಚಿಟ್ಟು ಎರಡನೆಯದನ್ನು ಮಾತ್ರ ಹೇಳುವುದು ವಕೀಲಿಕೆಯಾದೀತು. ಆದರೂ ನೋಡಿದವನಿಗೇ ಲಾಭವೆಂಬ ಮಾತು ನನಗೆ ಹಿಡಿಸಿತು. ಬೇರೆಯವರ ಹೊಲದಲ್ಲಿ ಮುಯ್ಯಾಳಾಗಿ ದುಡಿದು ಬಂದ ಸಂಜೆ ಅಪ್ಪ ಮೊದಲು ಮಾಡುವ ಕೆಲಸ, ನಮ್ಮ ಹೊಲದ ಬದುವನ್ನು ಒಂದು ಸುತ್ತು ನೋಡಿ ಬರುವುದು.

ತೊಡಕುಗಳೂ ಇವೆ. ಹಿಂದೆ ಮುಂಬಯಿ ಕರ್ನಾಟಕವೆನಿಸಿದ್ದ ನಮ್ಮ ಭಾಗದಲ್ಲಿ ವರ್ಗದೊಳಗೆ ಹೊರಗಿನವರು ಬಂದು ಕುಳಿತರೆ ನೆನಪಾಗುವುದು ತಪಾಸಣೆಗೆ ಬರುವ ಸಾಹೇಬರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದ ಡೆಪ್ಯುಟಿ ಚೆನ್ನಬಸಪ್ಪನವರ ಹೆಸರಿಗೆ ಅವರ ಹುದ್ದೆಯೇ ಅಂಟಿಕೊಂಡಿದೆ. ಅವರಂಥವರು ಸಾಹೇಬರಾಗಿ ಬಂದರೆ ಶಾಲೆಗೆ ಭಾಗ್ಯ. ಆದರೆ ಎಲ್ಲ ಸಾಹೇಬರೂ ಚೆನ್ನಬಸಪ್ಪನವರಲ್ಲ. ಮೇಲಿನವರು ನೋಡಿದರೆ ಅಧ್ಯಾಪಕರು ತಮ್ಮ ಅತ್ಯುತ್ತಮ ಪಾಠವನ್ನು ತೋರಿಸುತ್ತಾರೆ. ಸರಿಸಮಾನರು ನೋಡಿದರೆ ತಮಗೆ ಕಷ್ಟವಾಗುವ ಪಾಠವನ್ನು ತೋರಿಸಲು ಧೈರ್ಯ ಮಾಡುತ್ತಾರೆ. ಡೇವಿಡ್ ಗಾಸ್ಲಿಂಗ್ ಎಂಬ ಇಂಗ್ಲಂಡಿನ ವಿದ್ವಾಂಸರು ವರ್ಗವೀಕ್ಷಣೆಯಲ್ಲಿ ಮೂರು ಬಗೆಗಳನ್ನು ಹೇಳುತ್ತಾರೆ. ಮೌಲ್ಯಮಾಪನಕ್ಕಾಗಿ ಮೇಲಧಿಕಾರಿಗಳು ನೋಡುವುದು ಒಂದು, ಸುಧಾರಣೆಗಾಗಿ ಪರಿಣತರು ನೋಡುವುದು ಮತ್ತೊಂದು, ಸಹೋದ್ಯೋಗಿಗಳು ಪರಸ್ಪರ ನೋಡುವುದು ಮೂರನೆಯದು. ಒಂದರ ಕಾಗದ ಇನ್ನೊಂದರ ಕಡತಕ್ಕೆ ಹೋದ ದಿನ ಮೂರನೆಯದು ಸತ್ತಿತೆಂದೇ ತಿಳಿಯಬೇಕು.

ಈ ಮಾತು ನಮ್ಮ ಕಾಲೇಜುಗಳಿಗೆ ಇನ್ನಷ್ಟು ಅನ್ವಯಿಸುತ್ತದೆ. ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ನಡೆಸುತ್ತಿದ್ದಾರೆ. ಈ ವರ್ಷ ಇದ್ದವರು ಬರುವ ವರ್ಷ ಇರುವರೆಂಬ ಭರವಸೆಯಿಲ್ಲ. ಅಂಥವರ ಹಿಂದೆ ಒಬ್ಬರು ಪುಸ್ತಕ ಹಿಡಿದು ಕುಳಿತರೆ, ಅದನ್ನು ಸ್ನೇಹವೆಂದು ಅವರು ಹೇಗೆ ನಂಬಬೇಕು? ನನಗೆ ಇಂಗ್ಲಿಷು ಓದಲು ಕಲಿಸಿದವರು ಒಬ್ಬ ಅತಿಥಿ ಉಪನ್ಯಾಸಕಿ. ಈ ಲೇಖನದ ವಿಚಾರವನ್ನು ಹೇಳಿದಾಗ ಆ ಮೇಡಂ, "ಮೊದಲು ನಾವು ಅವರ ವರ್ಗಕ್ಕೆ ಹೋಗಿ ಕೂಡುತೇವಿ, ಆಮ್ಯಾಲೆ ಅವರು ನಮ್ಮ ವರ್ಗಕ್ಕೆ ಬರಲಿ" ಎಂದರು. ಹಾಸ್ಯಕ್ಕೆ ಆಡಿದ ಮಾತಾದರೂ ಅದರಲ್ಲಿ ಇಡೀ ಪದ್ಧತಿಯ ಮೂಲಸೂತ್ರವಿದೆಯೆಂದು ನನಗೆ ತೋರಿತು. ಹಿರಿಯರು ಮೊದಲು ಬಾಗಿಲು ತೆರೆಯಬೇಕು. ಸಾಲ ಕೊಡುವ ಸಂಘದಲ್ಲಿ ದೊಡ್ಡ ಹಿಡುವಳಿದಾರನು ಮೊದಲು ತನ್ನ ಹೊಲವನ್ನು ಹೊಣೆಗಿಟ್ಟರೆ ಸಣ್ಣವನು ಧೈರ್ಯದಿಂದ ಸಹಿ ಹಾಕುತ್ತಾನೆ.

ಉಳಿದ ವಿಧಿಗಳು ಕಷ್ಟದವಲ್ಲ. ಮುಂಚಿನ ದಿನವೇ ಇಬ್ಬರೂ ಕೂಡಿ, "ನನ್ನ ಪಾಠದಲ್ಲಿ ಇದನ್ನು ನೋಡಿ ಹೇಳಿರಿ" ಎಂದು ಒಂದೇ ಒಂದು ಸಂಗತಿಯನ್ನು ಗೊತ್ತುಪಡಿಸಿಕೊಳ್ಳಬೇಕು. ನೋಡುವವರು ವರ್ಗದಲ್ಲಿ ಬಾಯಿ ತೆರೆಯಬಾರದು. ವಿದ್ಯಾರ್ಥಿಗಳ ಮುಂದೆ ತಿದ್ದುವುದಂತೂ ಸಲ್ಲದು. ಒಂದೆರಡು ದಿನಗಳೊಳಗೆ ಕುಳಿತು ಮಾತನಾಡುವಾಗ ಪಾಠ ಹೇಳಿದವರೇ ಮೊದಲು ಮಾತನಾಡಬೇಕು. ಬರೆದ ಹಾಳೆ ಪಾಠ ಹೇಳಿದವರ ಕೈಗೆ ಹೋಗಬೇಕು, ನಕಲು ಉಳಿಯಬಾರದು. ಒಂದೇ ವಿಷಯದವರು ಜೊತೆಯಾಗಬೇಕೆಂಬ ಕಟ್ಟಳೆಯೂ ಬೇಡವೆನ್ನುತ್ತೇನೆ. ಇತಿಹಾಸದವರು ಇತಿಹಾಸದ ಪಾಠ ಕೇಳಿದರೆ ಸನ್ ತಪ್ಪಿತೇ ಎಂದು ನೋಡುತ್ತಾರೆ. ವಿಷಯ ಬಾರದವರು ನಮ್ಮ ಹಾಗೆಯೇ ಕುಳಿತು, ನಮ್ಮ ಹಾಗೆಯೇ ದಾರಿ ತಪ್ಪಿ, ಯಾವ ನಿಮಿಷದಲ್ಲಿ ತಪ್ಪಿತೆಂದು ಹೇಳಬಲ್ಲರು. ಕನ್ನಡದ ಸರ್ ಅರ್ಥಶಾಸ್ತ್ರದ ತಾಸಿನಲ್ಲಿ ಮಾಡಿದ್ದು ಅದನ್ನೇ.

ಆ ಇಬ್ಬರು ಅಧ್ಯಾಪಕರಲ್ಲಿ ಒಬ್ಬರಿಗೆ ಹೋದ ಬೇಸಿಗೆಯಲ್ಲಿ ಬೇರೆ ಊರಿಗೆ ವರ್ಗವಾಯಿತು. ಉಳಿದವರು ಹೊಸ ಜೊತೆಗಾರರನ್ನು ಹುಡುಕುತ್ತಿದ್ದಾರೆ. ನಾನು ಈ ಮೇ ತಿಂಗಳಿನಲ್ಲಿ ಪರೀಕ್ಷೆ ಬರೆದು ಹೊರಡುವವನು. ಜೂನಿನ ನಂತರ ಬರುವ ಹೊಸ ವರ್ಗದಲ್ಲಿಯೂ ತಡವಾದ ಬಸ್ಸಿಗೆ ಬಂದು ಹಿಂದೆ ಕೂಡುವ ಹುಡುಗರಿರುತ್ತಾರೆ. ಯಾರಾದರೂ ಗುರುಗಳು ಅವರ ಜೊತೆ ಒಂದು ತಾಸು ಕೂಡುವ ಮನಸ್ಸು ಮಾಡುವುದಾದರೆ, ಕಿಡಕಿಯ ಬದಿಯ ಕೊನೆಯಿಂದ ಎರಡನೆಯ ಬೆಂಚು ಒಳ್ಳೆಯದು. ಹಲಗೆ ಎಷ್ಟು ಕಾಣುವುದಿಲ್ಲ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅದರ ಒಂದು ಕಾಲು ಗಿಡ್ಡ; ಕೆಳಗೆ ಹಂಚಿನ ಚೂರು ಇಟ್ಟಿದ್ದೇನೆ.